ಮನೆಯ ಇಂಧನ ಮಿತವ್ಯಯ: ಶ್ರೀಕಾರ್ಯಂ ತೋರುವ ದಾರಿ

ಮನೆ ಕಟ್ಟುವುದು ಒಮ್ಮೆ ಮಾಡುವ ಖರ್ಚು. ಆ ಮನೆಯನ್ನು ಬೆಳಗುವುದು, ತಂಪಾಗಿಡುವುದು, ಅದಕ್ಕೆ ನೀರೆತ್ತುವುದು ಮತ್ತು ಅಲ್ಲಿ ಅಡುಗೆ ಮಾಡುವುದು ಬಾಳಿನುದ್ದಕ್ಕೂ ತೆರಬೇಕಾದ ಖರ್ಚು. ಸಾಮಾನ್ಯ ಕುಟುಂಬವೊಂದು ಇಟ್ಟಿಗೆ, ಸಿಮೆಂಟುಗಳ ಬೆಲೆಯನ್ನು ಹತ್ತು ಕಡೆ ವಿಚಾರಿಸುತ್ತದೆ. ಆದರೆ ಕಟ್ಟಿದ ಮನೆ ತಿಂಗಳಿಗೆ ಎಷ್ಟು ವಿದ್ಯುಚ್ಛಕ್ತಿಯನ್ನು ಬೇಡುತ್ತದೆ, ಅದರಲ್ಲಿ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ವಿಚಾರಿಸುವವರು ಕಡಿಮೆ. ವಿಚಾರಿಸಬೇಕೆಂದರೆ ಯಾರ ಬಳಿಗೆ ಹೋಗಬೇಕು ಎಂಬುದೂ ಹಲವರಿಗೆ ತಿಳಿದಿರುವುದಿಲ್ಲ. ಸರಕು ಮಾರುವವರ ಮಾತೇ ಬಹುಮಟ್ಟಿಗೆ ಏಕಮಾತ್ರ ಸಲಹೆಯಾಗುತ್ತದೆ.

ವಾಸ್ತವವಾಗಿ ನಿಷ್ಪಕ್ಷಪಾತ ಸಲಹೆ ನೀಡುವ ಸಂಸ್ಥೆಗಳು ದೇಶದ ಪ್ರತಿಯೊಂದು ರಾಜ್ಯದಲ್ಲಿಯೂ ಇವೆ. ಕೇರಳದ ತಿರುವನಂತಪುರ ನಗರದ ಉತ್ತರಭಾಗದ ಶ್ರೀಕಾರ್ಯಂ ಮತ್ತು ಅದರ ಸುತ್ತಲಿನ ಪ್ರದೇಶ ಇದಕ್ಕೆ ಉತ್ತಮ ನಿದರ್ಶನ. ರಾಜ್ಯದ ಇಂಧನ ಮಿತವ್ಯಯದ ಹೊಣೆ ಹೊತ್ತ ಸಂಸ್ಥೆಯೂ, ಕಡಿಮೆ ಖರ್ಚಿನಲ್ಲಿ ತಂಪಾದ ಕಟ್ಟಡಗಳನ್ನು ಕಟ್ಟಬಹುದೆಂದು ತೋರಿಸಿದ ವಾಸ್ತುಶಿಲ್ಪಿಯ ಕೃತಿಗಳೂ ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ದೊರೆಯುತ್ತವೆ. ಇಲ್ಲಿನ ಅನುಭವ ಕಾಸರಗೋಡಿನ ಕನ್ನಡಿಗ ಕುಟುಂಬಗಳಿಗೆ ನೇರವಾಗಿಯೂ, ಕರ್ನಾಟಕದ ಕುಟುಂಬಗಳಿಗೆ ಮಾದರಿಯಾಗಿಯೂ ಉಪಯುಕ್ತವಾಗಿದೆ.

ಇಂಧನ ನಿರ್ವಹಣಾ ಕೇಂದ್ರ

ಕೇರಳ ಸರ್ಕಾರದ ವಿದ್ಯುತ್ ಇಲಾಖೆಯ ಅಧೀನದಲ್ಲಿ ಸ್ವಾಯತ್ತ ಸಂಸ್ಥೆಯಾಗಿ 1996ರಲ್ಲಿ ಸ್ಥಾಪನೆಯಾದ ‘ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್’, ಅಂದರೆ ಇಂಧನ ನಿರ್ವಹಣಾ ಕೇಂದ್ರವು ಶ್ರೀಕಾರ್ಯಂನಲ್ಲಿದೆ. ಕೇಂದ್ರ ಸರ್ಕಾರವು 2001ರಲ್ಲಿ ಇಂಧನ ಸಂರಕ್ಷಣಾ ಅಧಿನಿಯಮವನ್ನು ರೂಪಿಸಿತು. ಅದರ ಅನ್ವಯ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ರಚನೆಯಾಯಿತು. ರಾಜ್ಯಗಳಲ್ಲಿ ಈ ಅಧಿನಿಯಮವನ್ನು ಕಾರ್ಯರೂಪಕ್ಕೆ ತರಲು ಒಂದೊಂದು ಸಂಸ್ಥೆಯನ್ನು ಹೆಸರಿಸಲಾಗಿದೆ. ಕೇರಳದಲ್ಲಿ ಆ ಹೊಣೆ ಶ್ರೀಕಾರ್ಯಂನ ಈ ಕೇಂದ್ರದ್ದು.

ಕಾರ್ಖಾನೆ ಹಾಗೂ ದೊಡ್ಡ ಕಟ್ಟಡಗಳ ಇಂಧನ ತಪಾಸಣೆಯೊಡನೆ ಗೃಹಬಳಕೆದಾರರಲ್ಲಿ ಅರಿವು ಮೂಡಿಸುವುದೂ ಕೇಂದ್ರದ ಕಾರ್ಯವಾಗಿದೆ. ‘ಊರ್ಜ ಕಿರಣ’ ಎಂಬ ಪ್ರಚಾರ ಕಾರ್ಯಕ್ರಮವು ಸ್ಥಳೀಯ ಸಂಘಸಂಸ್ಥೆಗಳ ಮೂಲಕ ಜನರನ್ನು ತಲುಪುತ್ತದೆ. ಶಾಲಾ ಮಕ್ಕಳಿಗಾಗಿ ‘ಸ್ಮಾರ್ಟ್ ಎನರ್ಜಿ’ ಕಾರ್ಯಕ್ರಮವಿದೆ. ಮನೆಯ ಮೀಟರನ್ನು ಓದಲು ಕಲಿತ ಮಗುವು ಮನೆಮಂದಿಗೂ ಅದನ್ನು ಕಲಿಸುತ್ತದೆ ಎಂಬುದು ಇದರ ಹಿಂದಿನ ವಿಚಾರ.

ಇದಕ್ಕೆ ಪೂರಕವಾಗಿ ತಿರುವನಂತಪುರದಲ್ಲಿಯೇ 1986ರಲ್ಲಿ ಆರಂಭವಾದ ‘ಅನರ್ಟ್’ ಎಂಬ ಸಂಸ್ಥೆಯಿದೆ. ಸೌರಶಕ್ತಿ, ಜೈವಿಕ ಅನಿಲ ಮೊದಲಾದ ಅಸಾಂಪ್ರದಾಯಿಕ ಇಂಧನಗಳ ಪ್ರಸಾರ ಅದರ ಹೊಣೆ. ಹೀಗೆ ಇರುವ ವಿದ್ಯುತ್ತನ್ನು ಉಳಿಸುವ ಸಲಹೆಗೆ ಒಂದು ಸಂಸ್ಥೆ, ಹೊಸ ಮೂಲದಿಂದ ಪಡೆಯುವ ಸಲಹೆಗೆ ಇನ್ನೊಂದು ಸಂಸ್ಥೆ, ಸಂಪರ್ಕ ಹಾಗೂ ಬಿಲ್ಲಿನ ವಿಷಯಕ್ಕೆ ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿ ಎಂಬ ಮೂರು ಬಾಗಿಲುಗಳು ಗೃಹಸ್ಥನಿಗೆ ತೆರೆದಿವೆ.

ಮೊದಲ ಹೆಜ್ಜೆ: ಬಿಲ್ಲನ್ನು ಓದುವುದು

ಕೇರಳದಲ್ಲಿ ಗೃಹಬಳಕೆಯ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ಬಹುತೇಕ ಮನೆಗಳಲ್ಲಿ ಕಟ್ಟಬೇಕಾದ ಮೊತ್ತವನ್ನು ಮಾತ್ರ ನೋಡಲಾಗುತ್ತದೆ. ಆದರೆ ಬಿಲ್ಲಿನಲ್ಲಿ ಮುಖ್ಯವಾಗಿ ನೋಡಬೇಕಾದುದು ಯೂನಿಟ್ಟುಗಳ ಸಂಖ್ಯೆ. ಒಂದು ಸಾವಿರ ವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಈ ಒಂದು ಸೂತ್ರ ತಿಳಿದಿದ್ದರೆ ಮನೆಯ ಪ್ರತಿಯೊಂದು ಉಪಕರಣದ ಲೆಕ್ಕವನ್ನೂ ಹಾಕಬಹುದು.

ಬಳಕೆ ಹೆಚ್ಚಿದಂತೆ ದರವೂ ಏರುವುದು ಗೃಹಬಳಕೆಯ ದರಪಟ್ಟಿಯ ಲಕ್ಷಣ. ಕೇರಳದ ಪಟ್ಟಿಯಲ್ಲಿ ಇನ್ನೂ ಒಂದು ವಿಶೇಷವಿದೆ. ತಿಂಗಳ ಬಳಕೆ 250 ಯೂನಿಟ್‌ಗಳ ಒಳಗಿದ್ದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ, ಮುಂದಿನವುಗಳಿಗೆ ಹೆಚ್ಚು ಎಂದು ಹಂತಹಂತವಾಗಿ ದರ ಅನ್ವಯಿಸುತ್ತದೆ. ಬಳಕೆ ಈ ಮಿತಿಯನ್ನು ದಾಟಿದರೆ ಮೊದಲ ಯೂನಿಟ್‌ನಿಂದ ಕೊನೆಯ ಯೂನಿಟ್‌ವರೆಗೂ ಒಂದೇ ಹೆಚ್ಚಿನ ದರ ಬೀಳುತ್ತದೆ. ಎರಡು ತಿಂಗಳ ಬಿಲ್ಲಿನಲ್ಲಿ ಈ ಗಡಿ 500 ಯೂನಿಟ್. ಗಡಿಯ ಆಚೆಗೆ ಸ್ವಲ್ಪವೇ ಇರುವ ಕುಟುಂಬವು ಕೆಲವೇ ಯೂನಿಟ್ ಉಳಿಸಿದರೂ ಮೊತ್ತದಲ್ಲಿ ಗಮನಾರ್ಹ ಇಳಿಕೆಯನ್ನು ಕಾಣುವುದು ಈ ಕಾರಣದಿಂದ. ದರಗಳನ್ನು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಆದುದರಿಂದ ಚಾಲ್ತಿಯಲ್ಲಿರುವ ಪಟ್ಟಿಯನ್ನು ಸೆಕ್ಷನ್ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಒಂದು ಸರಳ ಲೆಕ್ಕ

ತಿಂಗಳಿಗೆ 280 ಯೂನಿಟ್ ಬಳಸುವ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ 60 ವ್ಯಾಟ್‌ನ ಮೂರು ತಂತಿ ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿಯುತ್ತವೆ ಎಂದುಕೊಂಡರೆ, ತಿಂಗಳಿಗೆ 27 ಯೂನಿಟ್ ಖರ್ಚು. ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿ ಬಲ್ಬುಗಳನ್ನು ಹಾಕಿದರೆ ಖರ್ಚು ಸುಮಾರು 4 ಯೂನಿಟ್. ಅದೇ ಮನೆಯಲ್ಲಿ 75 ವ್ಯಾಟ್‌ನ ಎರಡು ಹಳೆಯ ಫ್ಯಾನುಗಳು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್. ಅವುಗಳ ಬದಲು 30 ವ್ಯಾಟ್‌ನ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನುಗಳನ್ನು ಹಾಕಿದರೆ ಸುಮಾರು 22 ಯೂನಿಟ್. ಈ ಎರಡು ಬದಲಾವಣೆಗಳಿಂದ ಉಳಿಯುವುದು ಸುಮಾರು 55 ಯೂನಿಟ್. ಅಂದರೆ 280 ಯೂನಿಟ್‌ಗಳ ಮನೆ 225ಕ್ಕೆ ಇಳಿದು, ಹೆಚ್ಚಿನ ದರದ ಗಡಿಯಿಂದ ಈಚೆಗೆ ಬರುತ್ತದೆ. ಬೆಳಕಾಗಲಿ ಗಾಳಿಯಾಗಲಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಬಲ್ಬುಗಳ ವಿಷಯದಲ್ಲಿ ಕೇರಳವು ವ್ಯಾಪಕ ಕಾರ್ಯಕ್ರಮವೊಂದನ್ನು ಕೈಗೊಂಡಿತು. 2018ರಲ್ಲಿ ಪ್ರಕಟವಾದ ‘ಊರ್ಜ ಕೇರಳ’ ಯೋಜನೆಯ ಅಂಗವಾಗಿ, ತಂತಿ ಬಲ್ಬು ಮತ್ತು ಸಿಎಫ್‌ಎಲ್‌ಗಳನ್ನು ಹಿಂಪಡೆದು 9 ವ್ಯಾಟ್‌ನ ಎಲ್‌ಇಡಿ ಬಲ್ಬುಗಳನ್ನು ಒದಗಿಸುವ ಕಾರ್ಯ ವಿದ್ಯುತ್ ಮಂಡಳಿ ಮತ್ತು ಇಂಧನ ನಿರ್ವಹಣಾ ಕೇಂದ್ರಗಳ ಸಹಯೋಗದಲ್ಲಿ ರೂಪುಗೊಂಡು, 2021ರ ಆರಂಭದಲ್ಲಿ ವಿತರಣೆ ಶುರುವಾಯಿತು. ಅದಕ್ಕೂ ಮುನ್ನವೇ ಕಾಸರಗೋಡು ಜಿಲ್ಲೆಯ ಪೀಲಿಕೋಡು ಗ್ರಾಮ ಪಂಚಾಯಿತಿಯು ತಂತಿ ಬಲ್ಬುಗಳಿಂದ ಮುಕ್ತವಾಗಿ ರಾಜ್ಯದ ಗಮನ ಸೆಳೆದಿತ್ತು.

ಹೊಸ ಉಪಕರಣ ಕೊಳ್ಳುವಾಗ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯನ್ನು ನೋಡಬೇಕು. 2006ರಲ್ಲಿ ಆರಂಭವಾದ ಈ ಪದ್ಧತಿಯು 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಕಡ್ಡಾಯವಾಗಿದೆ. ಚೀಟಿಯಲ್ಲಿ ನಕ್ಷತ್ರಗಳ ಸಂಖ್ಯೆಯೊಡನೆ ಅದು ಯಾವ ವರ್ಷದ ಅಳತೆ ಎಂಬುದನ್ನೂ ಗಮನಿಸಬೇಕು. ಅಳತೆಗಳು ಆಗಾಗ ಬಿಗಿಯಾಗುವುದರಿಂದ ಹಳೆಯ ಚೀಟಿಯ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮನಲ್ಲ. ಹವಾನಿಯಂತ್ರಣ ಯಂತ್ರವಿದ್ದವರು ಅದನ್ನು 24 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಇರಿಸಬೇಕು. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಆ ಯಂತ್ರದ ವಿದ್ಯುತ್ ಬಳಕೆ ಸುಮಾರು ಶೇಕಡ 6ರಷ್ಟು ಇಳಿಯುತ್ತದೆಂದು ಬ್ಯೂರೋ ತಿಳಿಸುತ್ತದೆ.

ತಂಪಾದ ಮನೆ, ಮಿತವಾದ ಖರ್ಚು

ಉಪಕರಣಗಳ ಆಯ್ಕೆಗಿಂತಲೂ ಮೂಲಭೂತವಾದುದು ಮನೆಯ ರಚನೆ. ಬಿಸಿಲಿಗೆ ಕಾದ ಕಾಂಕ್ರೀಟು ತಾರಸಿಯ ಕೆಳಗೆ ಎಷ್ಟೇ ಒಳ್ಳೆಯ ಫ್ಯಾನು ತಿರುಗಿದರೂ ಅದು ಬಿಸಿಗಾಳಿಯನ್ನೇ ಬೀಸುತ್ತದೆ. ಈ ಪಾಠವನ್ನು ಕಟ್ಟಡಗಳ ಮೂಲಕವೇ ಹೇಳಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಿಸಿದ ಬೇಕರ್ ಭಾರತವನ್ನೇ ತಮ್ಮ ನಾಡಾಗಿಸಿಕೊಂಡರು. 1990ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಅವರು 2007ರಲ್ಲಿ ತಿರುವನಂತಪುರದಲ್ಲಿ ನಿಧನ ಹೊಂದಿದರು. ಶ್ರೀಕಾರ್ಯಂನ ಲೊಯೊಲಾ ವಿದ್ಯಾಸಂಸ್ಥೆಯ ಪ್ರಾರ್ಥನಾಮಂದಿರ ಹಾಗೂ ಸಭಾಂಗಣ, ಅಲ್ಲಿಂದ ಅನತಿದೂರದ ಉಳ್ಳೂರಿನ ಅಭಿವೃದ್ಧಿ ಅಧ್ಯಯನ ಕೇಂದ್ರ, ನಾಲಾಂಚಿರದ ಅವರ ಸ್ವಂತ ಮನೆ, ಇವೆಲ್ಲ ಅವರ ಕಲ್ಪನೆಯ ಫಲಗಳು. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಜಾಲರಿ ಗೋಡೆಗಳು ಬಿಸಿಲನ್ನು ತಡೆದು ಗಾಳಿ ಬೆಳಕುಗಳನ್ನು ಒಳಗೆ ಬಿಡುತ್ತವೆ. ಕಿಟಕಿಯ ಚೌಕಟ್ಟು, ಬಾಗಿಲು, ಗಾಜುಗಳ ಖರ್ಚೂ ಉಳಿಯುತ್ತದೆ.

ಬೇಕರ್ ಪ್ರಚಾರಕ್ಕೆ ತಂದ ಎರಡು ವಿಧಾನಗಳು ಸಾಮಾನ್ಯ ಗೃಹಸ್ಥನಿಗೆ ಅತ್ಯಂತ ಉಪಯುಕ್ತ. ಮೊದಲನೆಯದು ‘ರ್‍ಯಾಟ್ ಟ್ರ್ಯಾಪ್’ ಕಟ್ಟಣೆ. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದರಿಂದ ಗೋಡೆಯ ನಡುವೆ ಪೊಳ್ಳು ಉಳಿಯುತ್ತದೆ. ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ, ಪೊಳ್ಳಿನಲ್ಲಿರುವ ಗಾಳಿ ಹೊರಗಿನ ಕಾವನ್ನು ತಡೆಯುತ್ತದೆ. ಎರಡನೆಯದು ‘ಫಿಲ್ಲರ್ ಸ್ಲ್ಯಾಬ್’ ತಾರಸಿ. ತಾರಸಿಯ ಕೆಳಭಾಗದ ಕಾಂಕ್ರೀಟು ಭಾರ ಹೊರುವಲ್ಲಿ ಹೆಚ್ಚಿನ ಪಾತ್ರ ವಹಿಸುವುದಿಲ್ಲ. ಅಲ್ಲಿ ಹಳೆಯ ಹಂಚುಗಳನ್ನು ಕೂರಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯುದ್ದಕ್ಕೂ ಹಬ್ಬಿದ ಮಂಗಳೂರು ಹಂಚಿಗೆ ಹೀಗೆ ಎರಡನೆಯ ಆಯುಸ್ಸು ದೊರೆಯುತ್ತದೆ. ಆದರೆ ಇವೆರಡಕ್ಕೂ ತರಬೇತಿ ಪಡೆದ ಮೇಸ್ತ್ರಿ ಮತ್ತು ಎಂಜಿನಿಯರರ ಮಾರ್ಗದರ್ಶನ ಅತ್ಯಗತ್ಯ. ಬೇಕರ್ ಅವರ ಮಾರ್ಗದರ್ಶನದಲ್ಲಿ 1985ರಲ್ಲಿ ಆರಂಭವಾದ ‘ಕಾಸ್ಟ್‌ಫೋರ್ಡ್’ ಸಂಸ್ಥೆ ಇಂತಹ ಮಾರ್ಗದರ್ಶನ ನೀಡುತ್ತ ಬಂದಿದೆ.

ಕನ್ನಡಿಗರಿಗೆ ಸುಪರಿಚಿತವಾದ ‘ನಿರ್ಮಿತಿ ಕೇಂದ್ರ’ಗಳ ಮೂಲವೂ ಕೇರಳದಲ್ಲಿಯೇ ಇದೆ. 1980ರ ದಶಕದ ಮಧ್ಯಭಾಗದಲ್ಲಿ ಕೊಲ್ಲಂನಲ್ಲಿ ಮೊದಲ ಕೇಂದ್ರ ರೂಪುಗೊಂಡಿತು. ಅದರ ಯಶಸ್ಸನ್ನು ಗಮನಿಸಿ 1988ರಲ್ಲಿ ಹುಡ್ಕೋ ನೆರವಿನೊಡನೆ ಇದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಇಂದು ಕರ್ನಾಟಕದ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿರುವ ನಿರ್ಮಿತಿ ಕೇಂದ್ರಗಳು ಆ ಪರಂಪರೆಗೆ ಸೇರಿದವು.

ಈಗಾಗಲೇ ಮನೆ ಕಟ್ಟಿಕೊಂಡವರು ನಿರಾಶರಾಗಬೇಕಿಲ್ಲ. ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯುವುದು, ಪಶ್ಚಿಮದ ಗೋಡೆಗೆ ಮರ ಅಥವಾ ಬಳ್ಳಿಯ ನೆರಳು ಕೊಡುವುದು, ಕಿಟಕಿಗಳಿಗೆ ಹೊರಗಿನಿಂದ ಮರೆ ಕಟ್ಟುವುದು, ಬಿಸಿಗಾಳಿ ಹೊರಹೋಗಲು ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಇರಿಸುವುದು, ಇವೆಲ್ಲ ಅಲ್ಪ ಖರ್ಚಿನ ಉಪಾಯಗಳು. ಕಿಟಕಿಯ ಒಳಗಿನ ಪರದೆಗಿಂತ ಹೊರಗಿನ ಮರೆ ಹೆಚ್ಚು ಫಲಕಾರಿ. ಒಳಗಿನ ಪರದೆಯನ್ನು ತಲುಪುವ ವೇಳೆಗೆ ಬಿಸಿಲು ಮನೆಯನ್ನು ಹೊಕ್ಕಾಗಿರುತ್ತದೆ.

ಅಡುಗೆಮನೆ ಮತ್ತು ಬಾವಿ

ಅಡುಗೆಯ ಇಂಧನವನ್ನು ಉಳಿಸುವಲ್ಲಿ ಕೇರಳದ ಸ್ವಂತ ಕೊಡುಗೆಯೊಂದಿದೆ. 1962ರಲ್ಲಿ ಸ್ಥಾಪನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹೊಗೆ ಕಡಿಮೆಯಿರುವ ಸೌದೆ ಒಲೆಯನ್ನೂ, ‘ಚೂಡಾರಾಪ್ಪೆಟ್ಟಿ’ ಅಂದರೆ ‘ಬಿಸಿಯಾರದ ಪೆಟ್ಟಿಗೆ’ಯನ್ನೂ ಜನಪ್ರಿಯಗೊಳಿಸಿತು. ಅನ್ನದ ಪಾತ್ರೆಯನ್ನು ಒಲೆಯ ಮೇಲೆ ಕೆಲವು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಈ ಪೆಟ್ಟಿಗೆಯಲ್ಲಿಟ್ಟರೆ ಉಳಿದ ಬೇಯುವಿಕೆ ಪಾತ್ರೆಯಲ್ಲಿನ ಬಿಸಿಯಿಂದಲೇ ಆಗುತ್ತದೆ. ಬೇಯಲು ಹೆಚ್ಚು ಹೊತ್ತು ಹಿಡಿಯುವ ಕುಚ್ಚಲಕ್ಕಿಯನ್ನು ಬಳಸುವ ಕರಾವಳಿಯ ಮನೆಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ. ಕರ್ನಾಟಕದಲ್ಲಿ ಇದೇ ಆಶಯದಿಂದ ಮೂಡಿದ್ದು ‘ಅಸ್ತ್ರ ಒಲೆ’. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಅದನ್ನು ರೂಪಿಸಿತು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಒತ್ತಿ ಮಾಡುವ ಇಟ್ಟಿಗೆಗಳನ್ನು ಬಳಕೆಗೆ ತರುವಲ್ಲಿಯೂ ಆ ಕೇಂದ್ರದ ಪಾತ್ರ ದೊಡ್ಡದು.

ಕೇರಳ ಹಾಗೂ ಕರಾವಳಿಯ ಹಿತ್ತಿಲಿನ ಬಾವಿಗೆ ಪಂಪು ಸಾಮಾನ್ಯ. ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು ಒಂದು ಯೂನಿಟ್ ಸೆಳೆಯುತ್ತದೆ. ಪಂಪಿನ ಫುಟ್‌ವಾಲ್ವು ಸೋರುತ್ತಿದ್ದರೆ, ಟ್ಯಾಂಕು ತುಂಬಿ ಹರಿಯುತ್ತಿದ್ದರೆ, ಅಥವಾ ನಲ್ಲಿ ತೊಟ್ಟಿಕ್ಕುತ್ತಿದ್ದರೆ ನೀರಿನೊಡನೆ ವಿದ್ಯುತ್ತೂ ಹರಿದುಹೋಗುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಪಾತ್ರೆಯಿಟ್ಟು ಒಂದು ಗಂಟೆ ನೋಡಬೇಕು. ಒಂದು ಲೀಟರು ತುಂಬಿದರೆ ತಿಂಗಳಿಗೆ 720 ಲೀಟರು ನಷ್ಟವೆಂದು ತಿಳಿಯುತ್ತದೆ. ನೀರೆತ್ತುವುದು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ ಮೊದಲಾದ ಕೆಲಸಗಳನ್ನು ಸಂಜೆಯ ಹೊತ್ತಿನಲ್ಲಿ ಮಾಡದಿರುವುದು ರಾಜ್ಯಕ್ಕೂ ಉಪಕಾರ. 1976ರಲ್ಲಿ ಕಾರ್ಯಾರಂಭ ಮಾಡಿದ 780 ಮೆಗಾವ್ಯಾಟ್‌ನ ಇಡುಕ್ಕಿಯಂತಹ ಜಲವಿದ್ಯುದಾಗಾರ ಇದ್ದರೂ ಕೇರಳವು ಇಂದು ತನಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಹೊರಗಿನಿಂದ ಕೊಳ್ಳುತ್ತದೆ. ಸಂಜೆಯ ಬೇಡಿಕೆಯ ಹೊತ್ತಿನಲ್ಲಿ ಆ ಹೊರೆ ಹೆಚ್ಚು.

ಸೌರಶಕ್ತಿಯ ಸರದಿ

ಕೊಚ್ಚಿಯ ವಿಮಾನ ನಿಲ್ದಾಣವು 2015ರಲ್ಲಿ ಸಂಪೂರ್ಣವಾಗಿ ಸೌರವಿದ್ಯುತ್ತಿನಿಂದ ನಡೆಯುವ ವಿಶ್ವದ ಮೊದಲ ವಿಮಾನ ನಿಲ್ದಾಣವೆಂಬ ಹೆಸರು ಪಡೆದ ಮೇಲೆ, ಮಳೆಯ ನಾಡಿನಲ್ಲಿ ಸೌರಫಲಕ ಫಲಿಸದೆಂಬ ಶಂಕೆ ಬಹುಮಟ್ಟಿಗೆ ದೂರವಾಯಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪ್ರಧಾನಮಂತ್ರಿ ಸೂರ್ಯಘರ್’ ಯೋಜನೆಯು ಮನೆಯ ಚಾವಣಿಯ ಸೌರ ಘಟಕಗಳಿಗೆ ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿತು.

ಆದರೆ ಕ್ರಮ ತಪ್ಪಬಾರದು. ಸೋರುವ ಕೊಡಕ್ಕೆ ಹೊಸ ಬಾವಿ ತೋಡಿದಂತೆ, ವ್ಯರ್ಥ ಬಳಕೆಯನ್ನು ನಿಲ್ಲಿಸದೆ ಸೌರಫಲಕ ಹಾಕಿದರೆ ಬೇಕಾದುದಕ್ಕಿಂತ ದೊಡ್ಡ ಘಟಕಕ್ಕೆ ಸಾಲ ಮಾಡಬೇಕಾಗುತ್ತದೆ. ಮೊದಲು ಬಳಕೆಯನ್ನು ಇಳಿಸಿ, ಒಂದು ವರ್ಷದ ಬಿಲ್ಲುಗಳನ್ನು ನೋಡಿ, ಅನಂತರ ಘಟಕದ ಗಾತ್ರವನ್ನು ನಿರ್ಧರಿಸಬೇಕು. ಒಂದು ಕಿಲೋವ್ಯಾಟ್‌ಗೆ ನೆರಳು ಬೀಳದ ಸುಮಾರು 10 ಚದರ ಮೀಟರ್ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್‌ನಷ್ಟು ವಿದ್ಯುತ್ ನಿರೀಕ್ಷಿಸಬಹುದು, ಮುಂಗಾರಿನ ತಿಂಗಳುಗಳಲ್ಲಿ ಅದು ಇಳಿಯುತ್ತದೆ. ತೆಂಗಿನ ಗರಿಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಕುಗ್ಗುತ್ತದೆ. ಮಂಡಳಿಗೆ ಹರಿಸಿದ ವಿದ್ಯುತ್ತನ್ನು ಲೆಕ್ಕ ಹಾಕುವ ನಿಯಮಗಳು ಆಯೋಗದ ಆದೇಶದಂತೆ ಬದಲಾಗುವುದರಿಂದ ಒಪ್ಪಂದಕ್ಕೆ ಮುನ್ನ ಸೆಕ್ಷನ್ ಕಚೇರಿ ಅಥವಾ ಅನರ್ಟ್‌ನಲ್ಲಿ ವಿಚಾರಿಸುವುದು ಕ್ಷೇಮ.

ಸುರಕ್ಷತೆ ಮತ್ತು ಅಹವಾಲು

ಮನೆಯ ಸುಧಾರಣೆಯಲ್ಲಿ ಉಳಿತಾಯಕ್ಕಿಂತ ಮೊದಲು ಬರುವುದು ಜೀವದ ರಕ್ಷಣೆ. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತ ಮೇಲೂ ಮೀಟರಿನಲ್ಲಿ ಬಳಕೆಯನ್ನು ತೋರಿಸುವ ದೀಪ ಮಿನುಗುತ್ತಿದ್ದರೆ ವೈರಿಂಗಿನಲ್ಲಿ ಸೋರಿಕೆಯಿರುವ ಸಂಭವವಿದೆ. ಆಗ ಪರವಾನಗಿ ಪಡೆದ ಕೆಲಸಗಾರರಿಂದ ಪರೀಕ್ಷೆ ಮಾಡಿಸಬೇಕು. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿ ಆಂಪಿಯರ್‌ನ ಸಾಧನವನ್ನು ಪ್ರತಿ ಮನೆಯೂ ಅಳವಡಿಸಿಕೊಳ್ಳಬೇಕು. ಪೇಟೆಯಲ್ಲಿ ಅದು ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂಬ ಹೆಸರಿನಿಂದ ಸಿಗುತ್ತದೆ. ಮಳೆ ಹೆಚ್ಚಿರುವ, ಗೋಡೆ ತೇವವಾಗುವ ಪ್ರದೇಶಗಳಲ್ಲಿ ಈ ಪುಟ್ಟ ಸಾಧನ ಮನೆಯ ಕಾವಲುಗಾರನಿದ್ದಂತೆ.

ಮೀಟರು ತಪ್ಪು ತೋರಿಸುತ್ತಿದೆ ಎಂಬ ಶಂಕೆಯಿದ್ದರೆ ಅದನ್ನು ಪರೀಕ್ಷಿಸಬೇಕೆಂದು ಕೇಳುವ ಹಕ್ಕು ಗ್ರಾಹಕನಿಗಿದೆ. 2003ರ ವಿದ್ಯುಚ್ಛಕ್ತಿ ಅಧಿನಿಯಮವು ಪ್ರತಿಯೊಂದು ವಿತರಣಾ ಸಂಸ್ಥೆಯೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನು ಹೊಂದಿರಬೇಕೆಂದು ವಿಧಿಸಿದೆ. ಕೇರಳದಲ್ಲಿ ಇಂತಹ ವೇದಿಕೆಗಳು ಕೊಟ್ಟಾರಕ್ಕರ, ಎರ್ನಾಕುಳಂ ಮತ್ತು ಕೋಳಿಕ್ಕೋಡುಗಳಲ್ಲಿವೆ. ಅಲ್ಲಿಯೂ ಸಮಾಧಾನ ದೊರೆಯದಿದ್ದರೆ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್‌ಗೆ ಮನವಿ ಸಲ್ಲಿಸಬಹುದು. ಕಾಸರಗೋಡು, ಮಂಜೇಶ್ವರ ತಾಲ್ಲೂಕುಗಳ ಕನ್ನಡ ಕುಟುಂಬಗಳೂ ಕೇರಳ ವಿದ್ಯುತ್ ಮಂಡಳಿಯ ಗ್ರಾಹಕರೇ ಆದುದರಿಂದ ಈ ಎಲ್ಲ ಸೌಲಭ್ಯಗಳೂ ಅವರಿಗೆ ಸಲ್ಲುತ್ತವೆ. ವಿದ್ಯುತ್ ಸಂಬಂಧದ ದೂರುಗಳಿಗೆ 1912 ಸಂಖ್ಯೆಯ ದೂರವಾಣಿ ಕೇರಳ, ಕರ್ನಾಟಕ ಎರಡರಲ್ಲಿಯೂ ಲಭ್ಯವಿದೆ.

ಕರ್ನಾಟಕದಲ್ಲಿ

ಶ್ರೀಕಾರ್ಯಂನ ಕೇಂದ್ರಕ್ಕೆ ಸಮನಾದ ಹೊಣೆಯನ್ನು ಕರ್ನಾಟಕದಲ್ಲಿ ಹೊತ್ತಿರುವುದು 1996ರಲ್ಲಿಯೇ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ವಿತರಣೆಯ ಕಾರ್ಯವನ್ನು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಗಳು ನಿರ್ವಹಿಸುತ್ತಿವೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ವಿದ್ಯುತ್ತಿನ ಮಿತಿಯನ್ನು ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತುಪಡಿಸಲಾಗಿದೆ. ತಿಂಗಳ ಬಳಕೆ 200 ಯೂನಿಟ್‌ಗಳನ್ನು ಮೀರಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಆದುದರಿಂದ ಉಚಿತ ವಿದ್ಯುತ್ ಇದ್ದಲ್ಲಿಯೂ ಮಿತವ್ಯಯದ ಲೆಕ್ಕ ಅನಗತ್ಯವಾಗುವುದಿಲ್ಲ.

ಗೃಹಸ್ಥನ ಪಾಲಿನ ಕೆಲಸ

ಮೇಲಿನ ಸಂಗತಿಗಳಿಂದ ಒಂದು ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಬಿಲ್ಲನ್ನು ಓದಿ ಬಳಕೆಯನ್ನು ಅಳೆಯುವುದು. ಎರಡನೆಯದಾಗಿ ಸೋರಿಕೆ, ವ್ಯರ್ಥಗಳನ್ನು ನಿಲ್ಲಿಸುವುದು. ಮೂರನೆಯದಾಗಿ ಹಳೆಯ ಬಲ್ಬು, ಫ್ಯಾನುಗಳನ್ನು ಬದಲಿಸುವುದು. ನಾಲ್ಕನೆಯದಾಗಿ ಮನೆಗೆ ನೆರಳು, ಗಾಳಿಗಳನ್ನು ಒದಗಿಸುವುದು. ಇವೆಲ್ಲ ಆದ ಮೇಲೆ ಸೌರಶಕ್ತಿಯಂತಹ ದೊಡ್ಡ ಹೂಡಿಕೆಗೆ ಕೈಹಾಕುವುದು. ಮೊದಲ ಎರಡು ಹೆಜ್ಜೆಗಳಿಗೆ ಹಣದ ಅಗತ್ಯ ಅತ್ಯಲ್ಪ. ವಿಪರ್ಯಾಸವೆಂದರೆ ಅನೇಕ ಕುಟುಂಬಗಳು ಕೊನೆಯ ಹೆಜ್ಜೆಯನ್ನೇ ಮೊದಲು ಇಟ್ಟು ಸಾಲದ ಹೊರೆಗೆ ಸಿಲುಕುತ್ತವೆ.

ಸಲಹೆ ನೀಡುವ ಸಂಸ್ಥೆಗಳು ಸಾರ್ವಜನಿಕರ ಹಣದಿಂದ ನಡೆಯುತ್ತಿವೆ, ಸಾರ್ವಜನಿಕರಿಗಾಗಿಯೇ ಇವೆ. ಕೇಳುವವರು ಹೆಚ್ಚಿದಷ್ಟೂ ಅವುಗಳ ಸೇವೆಯೂ ಚುರುಕಾಗುತ್ತದೆ. ಕಳೆದ ಒಂದು ವರ್ಷದ ಬಿಲ್ಲುಗಳನ್ನು ಒಂದೆಡೆ ಕೂಡಿಸಿ, ಹತ್ತಿರದ ಕಚೇರಿಯಲ್ಲಿ ತನ್ನ ಮನೆಗೆ ಸಂಬಂಧಿಸಿದ ಪ್ರಶ್ನೆಯನ್ನು ಕೇಳುವುದರಿಂದ ಪ್ರತಿಯೊಂದು ಕುಟುಂಬವೂ ಈ ಕಾರ್ಯವನ್ನು ಆರಂಭಿಸಬಹುದು.